ಕಿನ್ನಾಳದ ಕೆಂಪು

ಹಂಪಿಯ ವಿರೂಪಾಕ್ಷ ಗುಡಿಯ ರಂಗಮಂಟಪದಲ್ಲಿ ಕತ್ತೆತ್ತಿ ನೋಡಿ. ಅರ್ಜುನ ಮತ್ಸ್ಯಯಂತ್ರಕ್ಕೆ ಗುರಿ ಇಟ್ಟಿದ್ದಾನೆ, ವಿದ್ಯಾರಣ್ಯರು ಪಲ್ಲಕ್ಕಿಯಲ್ಲಿ ಹೊರಟಿದ್ದಾರೆ. ಈ ಚಿತ್ರ ಬರೆದವರು ಕಿನ್ನಾಳದ ಚಿತ್ರಗಾರರ ಹಿರಿಯರು ಅಂತ ನಮ್ಮ ಕೊಪ್ಪಳದ ಕಡೆ ಹೇಳ್ತಾರೆ. ಆ ಬಾಯಿಮಾತನ್ನು ಪರೀಕ್ಷಿಸೋದು ಹೇಗೆ?

ಒಂದು ದಾರಿ ಹೈಪರ್‌ಸ್ಪೆಕ್ಟ್ರಲ್ ಕ್ಯಾಮೆರಾ. ನಮ್ಮ ಮೊಬೈಲ್ ಫೋಟೋದಲ್ಲಿ ಪ್ರತಿ ಚುಕ್ಕೆಗೂ ಮೂರೇ ಅಂಕಿ: ಕೆಂಪು, ಹಸಿರು, ನೀಲಿ. ಈ ಕ್ಯಾಮೆರಾ ಬೆಳಕನ್ನು ನೂರಾರು ಪಟ್ಟಿಗಳಾಗಿ ಸೀಳುತ್ತೆ. ಅದರಲ್ಲಿ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕೂಡ ಸೇರಿದೆ. ಅಂದರೆ ಪ್ರತಿ ಚುಕ್ಕೆಯೂ ಒಂದು ಗ್ರಾಫ್. ಕೆಮ್ಮಣ್ಣು, ಇಂಗಳೀಕ ಎರಡೂ ನಮ್ಮ ಕಣ್ಣಿಗೆ ಕೆಂಪೇ. ಆದರೆ ಸುಮಾರು 860 ನ್ಯಾನೋಮೀಟರ್ ಹತ್ತಿರ ಕೆಮ್ಮಣ್ಣಿನ ಕಬ್ಬಿಣ ಬೆಳಕನ್ನು ನುಂಗುತ್ತೆ, ಗ್ರಾಫ್ ತಗ್ಗುತ್ತೆ. ಪಾದರಸದ ಇಂಗಳೀಕದಲ್ಲಿ ಆ ತಗ್ಗು ಇಲ್ಲ. ಚಿತ್ರವನ್ನು ಕೆರೆಯದೆ, ಮುಟ್ಟದೆ ಇಷ್ಟು ಗೊತ್ತಾಗುತ್ತೆ. 2008ರಲ್ಲಿ ಹಾರಿದ ಚಂದ್ರಯಾನ-1ರಲ್ಲಿದ್ದ ನಾಸಾ ಉಪಕರಣ ಚಂದ್ರನ ಮೇಲೆ ನೀರಿನ ಕುರುಹು ಹಿಡಿದಿದ್ದೂ ಇದೇ ಉಪಾಯದಿಂದ.

ಇದಕ್ಕಿಂತ ಸರಳವಾದ ಇನ್‌ಫ್ರಾರೆಡ್ ಫೋಟೋ ವಿಧಾನ ಕರ್ನಾಟಕಕ್ಕೆ ಆಗಲೇ ಬಂದುಹೋಗಿದೆ. 2006ರಲ್ಲಿ ಅಮೆರಿಕದ ರೋಚೆಸ್ಟರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಪಿ.ಆರ್. ಮುಕುಂದ್, ರೋಜರ್ ಈಸ್ಟನ್ ಅವರ ತಂಡ ಉಡುಪಿಯಲ್ಲಿ ಮಧ್ವಾಚಾರ್ಯರ ಸರ್ವಮೂಲ ಗ್ರಂಥಗಳ ಸುಮಾರು 700 ವರ್ಷ ಹಳೆಯ ತಾಳೆಗರಿಗಳ ಚಿತ್ರ ತೆಗೆಯಿತು. ಇನ್‌ಫ್ರಾರೆಡ್‌ನಲ್ಲಿ ಕಪ್ಪಾಗಿದ್ದ ಗರಿ ತಿಳಿಯಾಗಿ, ಅಕ್ಷರ ಎದ್ದು ಕಂಡವು.

ಹಾಗಾದರೆ ಹಂಪಿಗೂ ಒಂದು ಕ್ಯಾಮೆರಾ ತಂದರೆ ಮುಗಿಯಿತೇ? ಇಲ್ಲ. ಗ್ರಾಫ್ ತಾನಾಗಿ ಏನೂ ಹೇಳಲ್ಲ. ಹೋಲಿಸಿ ನೋಡೋಕೆ ಗೊತ್ತಿರುವ ಬಣ್ಣದ ಮಾದರಿಗಳು ಬೇಕು. ಆ ಮಾದರಿ ಇರೋದು ಲ್ಯಾಬಿನಲ್ಲಲ್ಲ, ಕಿನ್ನಾಳದ ಹಳೆಯ ಗೊಂಬೆಗಳ ಮೈಮೇಲೆ, ಹುಣಸೆ ಬೀಜ ನೆನೆಸಿ ರುಬ್ಬಿ ಅಂಟು ಮಾಡಬಲ್ಲ ಕೈಗಳಲ್ಲಿ. ಕಿನ್ನಾಳದ ಗೊಂಬೆಗೆ ಜಿಐ ಮಾನ್ಯತೆ ಸಿಕ್ಕಿದೆ ನಿಜ, ಆದರೆ ಈಗ ಅಲ್ಲೂ ಅಂಗಡಿಯ ಡಬ್ಬಿ ಬಣ್ಣ ಹೊಕ್ಕಿದೆ. ಹಳೆಯ ಬಣ್ಣ ಕಲಸೋದು ಗೊತ್ತಿದ್ದವರು ಹೋದ ಮೇಲೆ ಎಷ್ಟು ಕೋಟಿಯ ಕ್ಯಾಮೆರಾ ತಂದರೂ ಹೋಲಿಸೋಕೆ ಏನೂ ಉಳಿಯಲ್ಲ.

ಹೋಲಿಕೆ ಸಿಕ್ಕರೂ ಅದು ತೀರ್ಪಲ್ಲ, ಬರೀ ಸಾಕ್ಷಿ. ಅದೇ ಮಣ್ಣನ್ನು ಬೇರೆಯವರೂ ಬಳಸಿರಬಹುದು. ಆದರೂ ಬಾಯಿಮಾತಿಗಿಂತ ಒಂದು ಹೆಜ್ಜೆ ಮುಂದೆ.

ನಮ್ಮ ಸಾಫ್ಟ್‌ವೇರ್ ಮಂದಿಗೆ ಒಂದು ಚಟ: ಮೊದಲು ಕೋಡ್ ಬರೀತೀವಿ, ಆಮೇಲೆ ಡೇಟಾ ಹುಡುಕ್ತೀವಿ. ಇಲ್ಲಿ ಉಲ್ಟಾ ಆಗಬೇಕು. ಕ್ಯಾಮೆರಾ ಮುಂದಿನ ವರ್ಷವೂ ಸಿಗುತ್ತೆ. ಈ ವರ್ಷ ಕಿನ್ನಾಳಕ್ಕೆ ಹೋಗಿ ಹಿರಿಯರ ಮುಂದೆ ಕೂತು, ಒಂದೊಂದು ಬಣ್ಣವನ್ನೂ ಹಲಗೆ ಮೇಲೆ ಬಳಿಸಿಕೊಂಡು, ಯಾವ ಮಣ್ಣು, ಯಾವ ಅಂಟು, ಎಷ್ಟು ಅಂತ ಪಕ್ಕದಲ್ಲೇ ಬರೆದಿಡಬೇಕು. ಅದಕ್ಕೆ ಒಂದು ನೋಟ್‌ಬುಕ್ ಸಾಕು.