ಢಾಕಾ 1971: ಹೊರಹಾಕಲ್ಪಟ್ಟ ವಿದೇಶಿ ವರದಿಗಾರರು, ಹಿಂದೆ ಉಳಿದ ಸಹೋದ್ಯೋಗಿಗಳು

1971ರ ಮಾರ್ಚ್ 25ರ ರಾತ್ರಿ ಪಾಕಿಸ್ತಾನದ ಸೇನೆ ಢಾಕಾದ ಬೀದಿಗಿಳಿದಾಗ ನಗರದ ಇಂಟರ್‌ಕಾಂಟಿನೆಂಟಲ್ ಹೋಟೆಲಿನಲ್ಲಿ ವಿದೇಶಿ ಪತ್ರಕರ್ತರ ದೊಡ್ಡ ಗುಂಪೇ ಇತ್ತು. 1970ರ ಡಿಸೆಂಬರ್ ಚುನಾವಣೆಯಲ್ಲಿ ಅವಾಮಿ ಲೀಗ್ ಪಕ್ಷ ಪೂರ್ವ ಪಾಕಿಸ್ತಾನದ (ಇಂದಿನ ಬಾಂಗ್ಲಾದೇಶ) 162 ಸಾಮಾನ್ಯ ಸ್ಥಾನಗಳಲ್ಲಿ 160ನ್ನು ಗೆದ್ದಿತ್ತು. ಅಧಿಕಾರ ಹಸ್ತಾಂತರದ ಬಗ್ಗೆ ಪಾಕಿಸ್ತಾನದ ಅಧ್ಯಕ್ಷ ಯಾಹ್ಯಾ ಖಾನ್ ಮತ್ತು ಅವಾಮಿ ಲೀಗ್‌ನ ನಾಯಕ ಮುಜೀಬುರ್ ರಹಮಾನ್ ನಡೆಸುತ್ತಿದ್ದ ಮಾತುಕತೆಯನ್ನು ವರದಿ ಮಾಡಲು ಇವರೆಲ್ಲ ಬಂದಿದ್ದರು. ಆ ರಾತ್ರಿ ಹೋಟೆಲಿನ ಬಾಗಿಲಲ್ಲಿ ಸೈನಿಕರು ನಿಂತರು. ಹೊರಗೆ ಕಾಲಿಟ್ಟರೆ ಗುಂಡು ಎಂಬ ಎಚ್ಚರಿಕೆ ಬಂತು. ಕಿಟಕಿಯಿಂದ ಕಂಡಷ್ಟೇ ಅವರಿಗೆ ಸುದ್ದಿ. ಹತ್ತಿರದಲ್ಲೇ ಇದ್ದ ‘ದಿ ಪೀಪಲ್’ ಪತ್ರಿಕೆಯ ಕಚೇರಿ ಉರಿಯುತ್ತಿದ್ದುದು ಅವರಿಗೆ ಕಾಣುತ್ತಿತ್ತು. ಒಂದೆರಡು ದಿನಗಳೊಳಗೆ ಸುಮಾರು 35 ಮಂದಿಯನ್ನು ವಿಮಾನಕ್ಕೆ ಹತ್ತಿಸಿ ಕರಾಚಿಗೆ ಸಾಗಿಸಲಾಯಿತು. ಟಿಪ್ಪಣಿ ಪುಸ್ತಕಗಳೂ ಫಿಲ್ಮ್ ಸುರುಳಿಗಳೂ ಜಪ್ತಿಯಾದವು.

ಸಂಘರ್ಷದ ನೆಲದಲ್ಲಿ ವಿದೇಶಿ ಪತ್ರಕರ್ತನ ಸ್ಥಾನ ಎಂಥದ್ದು ಎಂಬ ಪ್ರಶ್ನೆಗೆ ದಕ್ಷಿಣ ಏಷ್ಯಾದ ಇತಿಹಾಸದಲ್ಲಿ ಇಷ್ಟು ಸ್ಪಷ್ಟ ಉತ್ತರ ಕೊಡುವ ಪ್ರಸಂಗ ಇನ್ನೊಂದಿಲ್ಲ. ಮಾರ್ಚ್‌ನಿಂದ ಡಿಸೆಂಬರ್‌ವರೆಗಿನ ಆ ಒಂಬತ್ತು ತಿಂಗಳುಗಳಲ್ಲಿ ಪಾಸ್‌ಪೋರ್ಟೇ ವರದಿಗಾರನ ಗುರಾಣಿಯಾಗಿತ್ತು ಎಂಬುದು ಈ ಲೇಖನದ ವಾದ. ಆ ಗುರಾಣಿ ಇದ್ದವರು ಗಡಿಪಾರಾದರು, ಇಲ್ಲದವರು ಕೊಲೆಯಾದರು.

ಈ ವೃತ್ತಿಯ ಪೂರ್ವೇತಿಹಾಸ ನಮ್ಮ ಉಪಖಂಡಕ್ಕೆ ಹೊಸದಲ್ಲ. ಕ್ರಿಮಿಯಾ ಯುದ್ಧದ ವರದಿಗಳಿಂದ ಹೆಸರಾದ ಲಂಡನ್ನಿನ ‘ಟೈಮ್ಸ್’ ಪತ್ರಿಕೆಯ ವಿಲಿಯಂ ಹೊವಾರ್ಡ್ ರಸಲ್ 1858ರಲ್ಲಿ, ದಂಗೆ ಅಡಗಿಸಲು ಹೊರಟ ಕಾಲಿನ್ ಕ್ಯಾಂಪ್‌ಬೆಲ್‌ನ ಬ್ರಿಟಿಷ್ ಸೇನೆಯ ಜೊತೆ ಲಖನೌಗೆ ಬಂದಿದ್ದ. ಕೈಸರ್‌ಬಾಗ್ ಅರಮನೆಯ ಲೂಟಿಯನ್ನು ಕಣ್ಣಾರೆ ಕಂಡು ಬರೆದ, ತನ್ನವರ ಸೇಡಿನ ಕ್ರೌರ್ಯವನ್ನು ಖಂಡಿಸಿದ. ಆದರೆ ಅವನು ಉಂಡದ್ದು, ಮಲಗಿದ್ದು, ಸುರಕ್ಷಿತವಾಗಿದ್ದದ್ದು ಆ ಸೇನೆಯ ಬಿಡಾರದಲ್ಲೇ. ಕಾನೂನೂ ಇದೇ ಚಿತ್ರವನ್ನು ಅನುಸರಿಸಿತು. 1907ರ ಹೇಗ್ ನಿಯಮಾವಳಿಯಾಗಲಿ 1949ರ ಮೂರನೆಯ ಜಿನೀವಾ ಒಪ್ಪಂದವಾಗಲಿ ಕಾಪಾಡಲು ಹೊರಟದ್ದು ಸೇನೆಯ ಅನುಮತಿ ಪಡೆದು ಅದರ ಜೊತೆ ಸಾಗುವ ವರದಿಗಾರನನ್ನು. ಸೆರೆಸಿಕ್ಕರೆ ಅವನನ್ನು ಯುದ್ಧಕೈದಿಯಂತೆ ನಡೆಸಿಕೊಳ್ಳಬೇಕು ಎಂದಷ್ಟೇ ಅವು ಹೇಳಿದವು. ಒಂದು ಸರ್ಕಾರ ತನ್ನದೇ ಪ್ರಜೆಗಳ ಮೇಲೆ ಸೇನೆಯನ್ನು ಬಿಟ್ಟಾಗ ಅಲ್ಲಿ ನಿಂತು ನೋಡುವವನಿಗೆ ಈ ನಿಯಮಗಳಿಂದ ಏನೂ ಸಿಗುತ್ತಿರಲಿಲ್ಲ.

ಢಾಕಾದಲ್ಲಿ ಸೇನೆಯ ಲೆಕ್ಕಾಚಾರವನ್ನು ತಪ್ಪಿಸಿದವರು ಇಬ್ಬರು. ‘ಡೈಲಿ ಟೆಲಿಗ್ರಾಫ್’ ಪತ್ರಿಕೆಯ ಸೈಮನ್ ಡ್ರಿಂಗ್‌ಗೆ ಆಗ 26 ವರ್ಷ. ಉಳಿದವರನ್ನು ಕರೆದೊಯ್ಯುವಾಗ ಆತ ಹೋಟೆಲಿನಲ್ಲೇ ಅಡಗಿ ಕುಳಿತರು. ಅಸೋಸಿಯೇಟೆಡ್ ಪ್ರೆಸ್‌ನ ಫ್ರೆಂಚ್ ಛಾಯಾಗ್ರಾಹಕ ಮಿಶೆಲ್ ಲೊರಾಂ ಕೂಡ ತಪ್ಪಿಸಿಕೊಂಡರು. ಮಾರ್ಚ್ 27ರಂದು ಕರ್ಫ್ಯೂ ಸಡಿಲವಾದಾಗ ಇಬ್ಬರೂ ನಗರ ಸುತ್ತಿದರು. ವಿಶ್ವವಿದ್ಯಾಲಯದ ಇಕ್ಬಾಲ್ ಹಾಲ್ ಮತ್ತು ಜಗನ್ನಾಥ ಹಾಲ್ ವಿದ್ಯಾರ್ಥಿ ನಿಲಯಗಳಲ್ಲಿ ಹೆಣಗಳನ್ನು ಕಂಡರು. ಸುಟ್ಟುಹೋದ ಹಳೇ ಢಾಕಾದ ಓಣಿಗಳನ್ನು ಕಂಡರು. ಡ್ರಿಂಗ್ ಟಿಪ್ಪಣಿಗಳನ್ನು ಹೇಗೋ ಉಳಿಸಿಕೊಂಡು ಬ್ಯಾಂಕಾಕ್ ತಲುಪಿದರು. ಮಾರ್ಚ್ 30ರಂದು ಅವರ ವರದಿ ಅಚ್ಚಾಯಿತು. ಢಾಕಾದಲ್ಲಿ ಏನಾಯಿತೆಂದು ಸ್ವತಃ ನಡೆದು ನೋಡಿದವರೊಬ್ಬರ ವಿವರವಾದ ಬರಹ ಜಗತ್ತಿಗೆ ಸಿಕ್ಕಿದ್ದು ಆಗ.

‘ನ್ಯೂಯಾರ್ಕ್ ಟೈಮ್ಸ್’ನ ಸಿಡ್ನಿ ಶಾನ್‌ಬರ್ಗ್ ಹೊರಹಾಕಲ್ಪಟ್ಟವರಲ್ಲಿ ಒಬ್ಬರು. ಅವರು ಬರೆದದ್ದು ಕಿಟಕಿಯಿಂದ ಕಂಡದ್ದನ್ನು, ಭಾರತ ತಲುಪಿದ ಮೇಲೆ. ಜೂನ್‌ನಲ್ಲಿ ಸರ್ಕಾರ ಕೆಲವು ವಿದೇಶಿ ಪತ್ರಕರ್ತರಿಗೆ ಮತ್ತೆ ಪ್ರವೇಶ ಕೊಟ್ಟಾಗ ಹಿಂತಿರುಗಿದರು. ಬರೆದದ್ದು ಹಿಡಿಸದೆ ಸರ್ಕಾರ ಅವರನ್ನು ಆ ತಿಂಗಳ ಕೊನೆಗೆ ಮತ್ತೆ ಹೊರದಬ್ಬಿತು. ಮಾರ್ಚ್ ಕೊನೆಯ ಈ ಮುಖ್ಯ ವರದಿಗಳಲ್ಲಿ ಯಾವುದೂ ಢಾಕಾದಿಂದ ಹೊರಟದ್ದಲ್ಲ ಎಂಬುದನ್ನು ಸಂಶೋಧಕರು ಗಮನಿಸಬೇಕು. ಘಟನೆಯ ಊರಿಗೂ ಬರಹದ ಊರಿಗೂ ನಡುವೆ ಒಂದು ಗಡಿ ಇತ್ತು, ಆ ಗಡಿಯಲ್ಲಿ ಜೇಬು ತಪಾಸಣೆ ಇತ್ತು. ಆದ್ದರಿಂದ ಈ ವರದಿಗಳಲ್ಲಿನ ಸಾವಿನ ಸಂಖ್ಯೆಗಳನ್ನು ಅಂದಾಜುಗಳೆಂದೂ, ಸ್ಥಳ ಮತ್ತು ದೃಶ್ಯಗಳ ವಿವರವನ್ನು ಪುರಾವೆಯೆಂದೂ ಓದುವುದು ಸರಿ.

ಈ ಕಥನದ ಅತಿ ಮುಖ್ಯ ವ್ಯಕ್ತಿ ವಿದೇಶಿಯಲ್ಲ. ಆಂಥೊನಿ ಮಸ್ಕರೇನ್ಹಸ್ 1928ರಲ್ಲಿ, ಆಗ ಮುಂಬಯಿ ಪ್ರಾಂತದಲ್ಲಿದ್ದ ಬೆಳಗಾವಿಯಲ್ಲಿ, ಗೋವಾ ಮೂಲದ ಕ್ರೈಸ್ತ ಕುಟುಂಬದಲ್ಲಿ ಹುಟ್ಟಿದರು; ಬೆಳೆದದ್ದು, ವೃತ್ತಿ ಹಿಡಿದದ್ದು ಕರಾಚಿಯಲ್ಲಿ. ‘ಮಾರ್ನಿಂಗ್ ನ್ಯೂಸ್’ನ ಸಹಾಯಕ ಸಂಪಾದಕರಾಗಿದ್ದ ಅವರು ಲಂಡನ್ನಿನ ‘ಸಂಡೇ ಟೈಮ್ಸ್’ಗೂ ಸುದ್ದಿ ಕಳಿಸುತ್ತಿದ್ದರು. 1971ರ ಏಪ್ರಿಲ್‌ನಲ್ಲಿ ಸೇನೆ ಎಂಟು ಮಂದಿ ಪಾಕಿಸ್ತಾನಿ ಪತ್ರಕರ್ತರನ್ನು ಪೂರ್ವ ಭಾಗಕ್ಕೆ ಕರೆದೊಯ್ದಿತು. ಪರಿಸ್ಥಿತಿ ಸಹಜವಾಗಿದೆ ಎಂದು ಬರೆಸುವುದು ಉದ್ದೇಶ. ಏಳು ಮಂದಿ ಹಾಗೆಯೇ ಬರೆದರು.

ಮಸ್ಕರೇನ್ಹಸ್ ಕುಮಿಲ್ಲಾದಲ್ಲಿ ಕಂಡದ್ದು ಬೇರೆ. ಹಿಂದೂಗಳನ್ನು, ಅವಾಮಿ ಲೀಗ್‌ನವರನ್ನು ಹುಡುಕಿ ಕೊಲ್ಲುವುದು, ಹಳ್ಳಿ ಸುಡುವುದು ಸೇನೆಯ ದಿನಚರಿಯೇ ಆಗಿತ್ತು. ಅಧಿಕಾರಿಗಳು ಅದನ್ನು ಇವರ ಮುಂದೆ ಮುಚ್ಚಿಡಲಿಲ್ಲ. ಯಾಕೆ? ಇವರು ತಮ್ಮವರೇ ಎಂದು ನಂಬಿದ್ದರಿಂದ. ಅಡಗಿ ಕೂತ ಡ್ರಿಂಗ್‌ಗೆ ಸಿಕ್ಕಿದ್ದು ಹತ್ಯೆಯ ಗುರುತುಗಳು. ಜೊತೆಗೆ ಕೂತು ಊಟ ಮಾಡಿದ ಮಸ್ಕರೇನ್ಹಸ್‌ಗೆ ಸಿಕ್ಕಿದ್ದು ಹತ್ಯೆಯ ಉದ್ದೇಶ. ಇತಿಹಾಸಕಾರನಿಗೆ, ನ್ಯಾಯಾಲಯಕ್ಕೆ, ಎರಡನೆಯದೇ ಹೆಚ್ಚು ತೂಕದ್ದು. ಆದರೆ ಅದನ್ನು ಕರಾಚಿಯಲ್ಲಿ ಪ್ರಕಟಿಸುವಂತಿರಲಿಲ್ಲ, ಅಲ್ಲಿ ಪ್ರತಿ ಸಾಲೂ ಸೇನೆಯ ಸೆನ್ಸಾರ್ ದಾಟಬೇಕಿತ್ತು. ಅಕ್ಕತಂಗಿಗೆ ಕಾಯಿಲೆ ಎಂಬ ನೆಪ ಹೇಳಿ ಮೇ ತಿಂಗಳಲ್ಲಿ ಲಂಡನ್ನಿಗೆ ಹೋಗಿ ‘ಸಂಡೇ ಟೈಮ್ಸ್’ ಸಂಪಾದಕ ಹೆರಾಲ್ಡ್ ಇವಾನ್ಸ್ ಅವರಿಗೆ ಎಲ್ಲವನ್ನೂ ಹೇಳಿದರು. ಹೆಂಡತಿ ಮತ್ತು ಐದು ಮಕ್ಕಳು ಕರಾಚಿಯಲ್ಲಿದ್ದ ಕಾರಣ ಪತ್ರಿಕೆ ಕಾಯಿತು. ಮಸ್ಕರೇನ್ಹಸ್ ಮರಳಿ ಹೋಗಿ, ಅನುಮಾನ ಬಾರದಂತೆ ಸಂಸಾರವನ್ನು ರೋಮ್‌ಗೆ ಕಳಿಸಿ, ತಾವು ಕಾಲ್ನಡಿಗೆಯಲ್ಲಿ ಗಡಿ ದಾಟಿ ಅಫ್ಘಾನಿಸ್ತಾನ ಸೇರಿದರು. ಜೂನ್ 13ರಂದು ‘ನರಮೇಧ’ ಎಂಬ ಅರ್ಥದ ಒಂದೇ ಪದದ ಶೀರ್ಷಿಕೆಯಡಿ, ಅವರ ಹೆಸರಿನೊಂದಿಗೇ, ಲೇಖನ ಹೊರಬಂತು. ಇಂದಿರಾ ಗಾಂಧಿ ಅದನ್ನು ಓದಿ ತೀವ್ರವಾಗಿ ಕಲಕಿಹೋದುದಾಗಿ ಮುಂದೆ ಇವಾನ್ಸ್ ಅವರಿಗೆ ಹೇಳಿದ್ದರು. ಬರೆದವರು ಊರು, ಮನೆ, ಕೆಲಸ ಮೂರನ್ನೂ ಬಿಟ್ಟುಕೊಟ್ಟಿದ್ದರು. ದೇಶ ಬಿಡಿಸುವುದೇ ವಿದೇಶಿಯರಿಗೆ ಕೊಟ್ಟ ಗರಿಷ್ಠ ಶಿಕ್ಷೆಯಾಗಿದ್ದ ಆ ವರ್ಷ, ಇವರು ಸತ್ಯ ಹೇಳುವುದಕ್ಕಾಗಿ ತಾವೇ ದೇಶ ಬಿಟ್ಟರು. ಅವರ ಕೃತಿಯಷ್ಟೇ ಅವರ ನಡೆಯೂ ನನಗೆ ದೊಡ್ಡದಾಗಿ ಕಾಣುತ್ತದೆ.

ಡಿಸೆಂಬರ್ ಹೊತ್ತಿಗೆ ಚಿತ್ರ ಬದಲಾಯಿತು. ಭಾರತ ಯುದ್ಧಕ್ಕಿಳಿದ ಮೇಲೆ ಇಂಟರ್‌ಕಾಂಟಿನೆಂಟಲ್ ಹೋಟೆಲನ್ನು ರೆಡ್‌ಕ್ರಾಸ್ ತಟಸ್ಥ ವಲಯವಾಗಿ ಘೋಷಿಸಲಾಯಿತು. ವಿದೇಶಿಯರು ಅಲ್ಲಿ ಆಶ್ರಯ ಪಡೆದರು. ಅದೇ ದಿನಗಳಲ್ಲಿ, ಅದೇ ನಗರದಲ್ಲಿ, ಬಂಗಾಳಿ ಪತ್ರಕರ್ತರ ಮನೆಬಾಗಿಲು ತಟ್ಟಿ ಅವರನ್ನು ಎಳೆದೊಯ್ಯಲಾಗುತ್ತಿತ್ತು. ‘ಇತ್ತೆಫಾಕ್’ ಪತ್ರಿಕೆಯ ಸಿರಾಜುದ್ದೀನ್ ಹುಸೇನ್ ಡಿಸೆಂಬರ್ 10ರಂದು ಮನೆಯಿಂದ ಹೋದವರು ಮರಳಲಿಲ್ಲ. ಬಿಬಿಸಿಗೆ ಢಾಕಾದಿಂದ ಸುದ್ದಿ ಕಳಿಸುತ್ತಿದ್ದ ನಿಜಾಮುದ್ದೀನ್ ಅಹ್ಮದ್ ಅವರನ್ನು 12ರಂದು ಕರೆದೊಯ್ದರು. ‘ಸಂಬಾದ್’ನ ಶಹೀದುಲ್ಲಾ ಕೈಸರ್, ‘ಶಿಲಾಲಿಪಿ’ಯ ಸಂಪಾದಕಿ ಸೆಲಿನಾ ಪರ್ವೀನ್, ಸುದ್ದಿಸಂಸ್ಥೆಯ ಸೈಯದ್ ನಜ್ಮುಲ್ ಹಕ್ ಎಲ್ಲರೂ ಇದೇ ಕೆಲವು ದಿನಗಳಲ್ಲಿ ಅಪಹೃತರಾದರು. ವಿದೇಶಿ ಕೇಳುಗರಿಗೆ ಬೇಕಾದ ಸುದ್ದಿಯನ್ನು ತಿಂಗಳುಗಟ್ಟಲೆ ಒದಗಿಸಿದ ನಿಜಾಮುದ್ದೀನರಿಗೆ ಆ ವಿದೇಶಿ ಸಂಸ್ಥೆಯ ಹೆಸರು ರಕ್ಷೆಯಾಗಲಿಲ್ಲ. ಡಿಸೆಂಬರ್ 16ರಂದು ಪಾಕಿಸ್ತಾನಿ ಸೇನೆ ಶರಣಾಯಿತು.

ಶರಣಾಗತಿಯ ಎರಡು ದಿನಗಳ ನಂತರ ಢಾಕಾದ ಮೈದಾನವೊಂದರಲ್ಲಿ ಬಂಗಾಳಿ ಹೋರಾಟಗಾರರ ಪಡೆಯಾದ ಮುಕ್ತಿವಾಹಿನಿಯವರು ಬಂಧಿಗಳನ್ನು ಬಯೊನೆಟ್‌ನಿಂದ ತಿವಿದು ಕೊಂದರು. ಕ್ಯಾಮೆರಾ ಇರುವುದರಿಂದಲೇ ಇದು ನಡೆಯುತ್ತಿದೆ ಎಂದೆನಿಸಿ ಕೆಲವು ಛಾಯಾಗ್ರಾಹಕರು ಅಲ್ಲಿಂದ ಹೊರಟುಹೋದರು. ಅಸೋಸಿಯೇಟೆಡ್ ಪ್ರೆಸ್‌ನ ಹೋರ್ಸ್ಟ್ ಫಾಸ್ ಮತ್ತು ಮಿಶೆಲ್ ಲೊರಾಂ ಉಳಿದು ಚಿತ್ರ ತೆಗೆದರು. 1972ರ ಪುಲಿಟ್ಜರ್ ಪಡೆದರು. ಉಳಿದದ್ದು ಸರಿ ಎಂದೇ ನನ್ನ ಅಭಿಪ್ರಾಯ. ಗೆದ್ದವರ ಕ್ರೌರ್ಯದ ದಾಖಲೆಯೂ ಇಲ್ಲದಿದ್ದರೆ 1971ರ ಚಿತ್ರ ಅರ್ಧವಾಗುತ್ತಿತ್ತು. ಲೊರಾಂ 1975ರ ಏಪ್ರಿಲ್ ಕೊನೆಯಲ್ಲಿ, ಸೈಗಾನ್ ಪತನಕ್ಕೆ ಎರಡೇ ದಿನ ಮೊದಲು, ವಿಯೆಟ್ನಾಂನಲ್ಲಿ ಗುಂಡಿಗೆ ಬಲಿಯಾದರು. ಎಷ್ಟು ಗಟ್ಟಿ ಪಾಸ್‌ಪೋರ್ಟಾದರೂ ಗುಂಡು ತಡೆಯುವುದಿಲ್ಲ ಎಂಬುದನ್ನೂ ಈ ವಾದದ ಜೊತೆಗೇ ಹೇಳಬೇಕು.

1977ರಲ್ಲಿ ಜಿನೀವಾ ಒಪ್ಪಂದಗಳ ಮೊದಲ ಹೆಚ್ಚುವರಿ ಶಿಷ್ಟಾಚಾರ ತನ್ನ 79ನೆಯ ವಿಧಿಯಲ್ಲಿ, ಅಪಾಯದ ಕೆಲಸದಲ್ಲಿರುವ ಪತ್ರಕರ್ತರನ್ನು ನಾಗರಿಕರೆಂದು ಪರಿಗಣಿಸಬೇಕು ಎಂದಿತು. ಸ್ಥಳೀಯ, ವಿದೇಶಿ ಎಂಬ ಭೇದ ಅದರಲ್ಲಿಲ್ಲ. ಪಾಕಿಸ್ತಾನ ಸಹಿ ಹಾಕಿದರೂ ಅನುಮೋದಿಸಲಿಲ್ಲ. ಭಾರತ ಆ ಶಿಷ್ಟಾಚಾರಕ್ಕೆ ಸೇರಿಲ್ಲ.

ನಮ್ಮ ಪತ್ರಿಕೋದ್ಯಮ ವಿಭಾಗಗಳಲ್ಲಿ ಯುದ್ಧ ವರದಿಗಾರಿಕೆ ಕಲಿಸುವ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ: ರಸಲ್, ಡ್ರಿಂಗ್, ಶಾನ್‌ಬರ್ಗ್ ಹೆಸರು ಹೇಳುವ ತರಗತಿಯಲ್ಲೇ ಬೆಳಗಾವಿಯಲ್ಲಿ ಹುಟ್ಟಿದ ಮಸ್ಕರೇನ್ಹಸ್ ಅವರನ್ನೂ, ಢಾಕಾದ ಮನೆಯಿಂದ ಎಳೆದೊಯ್ಯಲ್ಪಟ್ಟ ನಿಜಾಮುದ್ದೀನ್ ಅಹ್ಮದ್ ಅವರನ್ನೂ ಓದಿಸಿ.