‘ಬೆಕ್ಕು’ ಯಾರ ಪರ? ಪ್ಯಾರಿಸ್ ಗೂಢಚಾರಿಣಿಯ ಪ್ರೀತಿ ಮತ್ತು ದ್ರೋಹ

ಒಂದು ಪ್ರಶ್ನೆಯಿಂದ ಶುರು ಮಾಡೋಣ. ನೀವು ನಂಬಿದ, ಮನಸ್ಸು ಕೊಟ್ಟ ವ್ಯಕ್ತಿ ಶತ್ರುವಿನ ಏಜೆಂಟ್ ಅಂತ ಗೊತ್ತಾದ್ರೆ ಏನ್ ಮಾಡ್ತೀರಿ? ಸಿನಿಮಾದಲ್ಲಾದ್ರೆ ಹೀರೊ ಪಿಸ್ತೂಲು ತೆಗೀತಾನೆ. ಆದರೆ 1942ರ ಜನವರಿಯಲ್ಲಿ, ಜರ್ಮನ್ ಸೇನೆಯ ಹಿಡಿತದಲ್ಲಿದ್ದ ಪ್ಯಾರಿಸ್‌ನಲ್ಲಿ, ಪಿಯರ್ ದ ವೊಮೆಕೂರ್ ಅನ್ನೋ ಗೂಢಚಾರ ಬೇರೆಯದ್ದೇ ದಾರಿ ಹಿಡಿದ.

ಕಥೆಯ ನಾಯಕಿ ಮತಿಲ್ದ್ ಕಾರೆ. 1908ರಲ್ಲಿ ಫ್ರಾನ್ಸ್‌ನಲ್ಲಿ ಹುಟ್ಟಿದವಳು. ಯುದ್ಧ ಶುರುವಾದಾಗ ನರ್ಸ್ ಆಗಿದ್ದಳು. 1940ರಲ್ಲಿ ಫ್ರಾನ್ಸ್ ಸೋತ ಮೇಲೆ ತುಲೂಸ್ ನಗರದಲ್ಲಿ ಅವಳಿಗೆ ಪೋಲೆಂಡ್ ವಾಯುಪಡೆಯ ಅಧಿಕಾರಿ ರೋಮನ್ ಚೆರ್ನ್ಯಾವ್‌ಸ್ಕಿಯ ಪರಿಚಯವಾಯ್ತು. ಇಬ್ಬರೂ ಸೇರಿ ಪ್ಯಾರಿಸ್‌ನಲ್ಲಿ ‘ಅಂತೆರಾಲಿಯೆ’ ಅನ್ನೋ ಗೂಢಚಾರ ಜಾಲ ಕಟ್ಟಿದರು. ಜರ್ಮನ್ ಪಡೆಗಳು ಎಲ್ಲಿವೆ, ಎಷ್ಟಿವೆ ಅನ್ನೋ ಸುದ್ದಿ ರೇಡಿಯೊ ಮೂಲಕ ಲಂಡನ್‌ಗೆ ಹೋಗ್ತಿತ್ತು. ಮತಿಲ್ದ್‌ಗೆ ಸಿಕ್ಕ ಗುಪ್ತನಾಮ ‘ಲಾ ಶಾತ್’. ಅಂದ್ರೆ ಹೆಣ್ಣು ಬೆಕ್ಕು.

1941ರ ನವೆಂಬರ್‌ನಲ್ಲಿ ಎಲ್ಲ ಕುಸಿಯಿತು. ಶೆರ್‌ಬೂರ್ ನಗರದಲ್ಲಿ ಒಬ್ಬ ಸದಸ್ಯ ಸಿಕ್ಕಿಬಿದ್ದ. ಅಲ್ಲಿಂದ ಎಳೆ ಹಿಡಿದು ಜರ್ಮನ್ ಸೇನಾ ಬೇಹುಗಾರಿಕೆ ಸಂಸ್ಥೆ ‘ಅಬ್ವೇರ್’ ಪ್ಯಾರಿಸ್ ತಲುಪಿತು. ಚೆರ್ನ್ಯಾವ್‌ಸ್ಕಿ ಸಿಕ್ಕಿಬಿದ್ದ, ಬೆನ್ನಲ್ಲೇ ಮತಿಲ್ದ್ ಕೂಡ. ಅವಳನ್ನು ಬಗ್ಗಿಸಿದವನು ಹ್ಯೂಗೋ ಬ್ಲೈಷರ್, ಬರೀ ಸಾರ್ಜೆಂಟ್ ದರ್ಜೆಯ ಚತುರ. ಸಹಕರಿಸಿದ್ರೆ ಬದುಕು, ಇಲ್ಲದಿದ್ರೆ ಸಾವು. ಜೈಲಿನಲ್ಲಿ ಒಂದು ರಾತ್ರಿ ಕಳೆದ ಮೇಲೆ ಅವಳು ಸಹಕರಿಸಿದಳು. ಹತ್ತಾರು ಸಂಗಾತಿಗಳು ಸೆರೆಯಾದರು. ಅವಳು ಬ್ಲೈಷರ್‌ನ ಪ್ರೇಯಸಿಯೂ ಆದಳು. ಆದರೆ ಕೈದಿ ಮತ್ತು ಕಾವಲುಗಾರನ ನಡುವಿನ ಸಂಬಂಧಕ್ಕೆ ಪ್ರೀತಿ ಅಂತ ಹೆಸರಿಡೋ ಮೊದಲು ನಾವು ಸ್ವಲ್ಪ ಯೋಚಿಸಬೇಕು.

ಇತ್ತ ಲಂಡನ್‌ಗೆ ಜಾಲ ಮುರಿದದ್ದು ಗೊತ್ತೇ ಇರಲಿಲ್ಲ. ರೇಡಿಯೊ ಎಂದಿನಂತೆ ನಡೀತಿತ್ತು. ಈಗ ಅದನ್ನು ನಡೆಸ್ತಿದ್ದವರು ಜರ್ಮನರು.

ಇಲ್ಲಿ ವೊಮೆಕೂರ್ ಬರ್ತಾನೆ. ಬ್ರಿಟನ್ನಿನ ರಹಸ್ಯ ಸಂಸ್ಥೆ ಎಸ್‌ಒಇ 1941ರ ಮೇನಲ್ಲಿ ಪ್ಯಾರಾಚೂಟಿನಲ್ಲಿ ಇಳಿಸಿದ್ದ ಫ್ರೆಂಚ್ ಏಜೆಂಟ್ ಇವನು. ರೇಡಿಯೊ ಆಪರೇಟರ್‌ ಸೆರೆಯಾಗಿ ಲಂಡನ್ ಸಂಪರ್ಕ ಕಡಿದುಹೋಗಿತ್ತು. ಡಿಸೆಂಬರ್ ಕೊನೆಯಲ್ಲಿ ‘ರೇಡಿಯೊ ಇರೋ ಮಹಿಳೆ’ ಅಂತ ಮತಿಲ್ದ್ ಪರಿಚಯವಾದಳು. ನಿಧಾನಕ್ಕೆ ಇಬ್ಬರೂ ಹತ್ತಿರವಾದರು, ಪ್ರೇಮಿಗಳಾದರು ಅಂತ ಇತಿಹಾಸಕಾರರು ಬರೆದಿದ್ದಾರೆ. ಆದರೆ ಜರ್ಮನ್ ಮುದ್ರೆಯ ಕಾಗದಪತ್ರ ಇವಳಿಗೆ ಅಷ್ಟು ಸಲೀಸಾಗಿ ಸಿಗೋದು ಹೇಗೆ? ಅನುಮಾನ ಬಂದ ವೊಮೆಕೂರ್ ನೇರವಾಗಿ ಕೇಳಿಯೇಬಿಟ್ಟ. ಅವಳು ಒಪ್ಪಿಕೊಂಡಳು.

ಅವಳನ್ನು ಕೊಂದುಬಿಡಬಹುದಿತ್ತು. ಆದ್ರೆ ಅವಳು ಕಾಣೆಯಾದ ತಕ್ಷಣ ಬ್ಲೈಷರ್‌ಗೆ ಎಲ್ಲ ಅರ್ಥವಾಗ್ತಿತ್ತು. ಅದಕ್ಕೇ ವೊಮೆಕೂರ್ ಆಟವನ್ನೇ ತಿರುಗಿಸಿದ. ‘ನಾನು ಲಂಡನ್‌ಗೆ ಹೋಗ್ತೀನಿ, ದೊಡ್ಡ ಅಧಿಕಾರಿಯೊಬ್ಬನನ್ನು ಕರ್ಕೊಂಡು ಬರ್ತೀನಿ’ ಅನ್ನೋ ಆಸೆಯನ್ನು ಅವಳ ಮೂಲಕ ಜರ್ಮನರಿಗೆ ಹುಟ್ಟಿಸಿದ. ಲಂಡನ್‌ನಲ್ಲೇ ತಮ್ಮ ಗೂಢಚಾರಿಣಿ ಇರ್ತಾಳೆ ಅಂತ ಬ್ಲೈಷರ್ ಖುಷಿಯಾದ. ಬ್ರಿಟನಿ ಕರಾವಳಿಯಲ್ಲಿ ಮೊದಲ ಪ್ರಯತ್ನ ವಿಫಲವಾಯ್ತು. ಫೆಬ್ರವರಿ ಕೊನೆಯಲ್ಲಿ, ಜರ್ಮನರ ಕಣ್ಣೆದುರೇ, ಬ್ರಿಟಿಷ್ ನೌಕೆ ಇಬ್ಬರನ್ನೂ ಹತ್ತಿಸಿಕೊಂಡು ಹೋಯ್ತು.

ಸಿನಿಮಾ ಆಗಿದ್ರೆ ಇಲ್ಲಿಗೆ ಮುಗೀತಿತ್ತು. ನಿಜ ಜೀವನದಲ್ಲಿ ವೊಮೆಕೂರ್ ಏಪ್ರಿಲ್ 1ರಂದು ಮತ್ತೆ ಫ್ರಾನ್ಸ್‌ಗೆ ಹಾರಿದ, ಅದೇ ತಿಂಗಳು ಸಿಕ್ಕಿಬಿದ್ದ. ಯುದ್ಧ ಮುಗಿಯೋವರೆಗೂ ಸೆರೆ. ಅವಳ ಪರ ಮಾತಾಡೋರು ಲಂಡನ್‌ನಲ್ಲಿ ಯಾರೂ ಉಳಿಯಲಿಲ್ಲ. ಜುಲೈನಲ್ಲಿ ಬ್ರಿಟಿಷರು ಅವಳನ್ನು ಜೈಲಿಗೆ ಹಾಕಿದರು. ಯುದ್ಧದ ನಂತರ ಫ್ರಾನ್ಸ್‌ಗೆ ಒಪ್ಪಿಸಿದರು. 1949ರ ಜನವರಿಯಲ್ಲಿ ಮರಣದಂಡನೆ ವಿಧಿಸಲಾಯಿತು. ಆಮೇಲೆ ಅದು ಜೈಲುಶಿಕ್ಷೆಗೆ ಇಳಿದು, 1954ರಲ್ಲಿ ಬಿಡುಗಡೆಯಾದಳು.

ಈಗ ಚೆರ್ನ್ಯಾವ್‌ಸ್ಕಿಯನ್ನು ನೆನಪಿಸಿಕೊಳ್ಳಿ. ಅವನೂ ಜರ್ಮನರ ಪರ ಕೆಲಸ ಮಾಡ್ತೀನಿ ಅಂತ ಒಪ್ಪಿಕೊಂಡೇ 1942ರಲ್ಲಿ ಲಂಡನ್ ತಲುಪಿದ್ದ. ಅಲ್ಲಿ ಎಲ್ಲ ಬಾಯಿಬಿಟ್ಟು ‘ಬ್ರೂಟಸ್’ ಹೆಸರಿನ ಡಬಲ್ ಏಜೆಂಟ್ ಆದ. 1944ರ ನಾರ್ಮಂಡಿ ದಾಳಿಗೆ ಮುಂಚೆ, ದಾಳಿ ನಡೆಯೋದು ಕಲೆ ಕಡೆಯಿಂದ ಅಂತ ಹಿಟ್ಲರ್‌ನ ಸೇನೆಯನ್ನು ನಂಬಿಸಿದವರಲ್ಲಿ ಅವನೂ ಒಬ್ಬ. ಒಂದೇ ಜಾಲ, ಒಂದೇ ಸಲ ಸೆರೆ. ಒಬ್ಬ ಹೀರೊ, ಒಬ್ಬಳು ದ್ರೋಹಿ.

ವ್ಯತ್ಯಾಸ ಎಲ್ಲಿ? ತನ್ನವರನ್ನು ಯುದ್ಧಕೈದಿಗಳಂತೆ ನಡೆಸಿಕೊಳ್ಳಬೇಕು ಅಂತ ಅವನು ಷರತ್ತು ಹಾಕಿದ್ದ. ಅವಳು ತನ್ನವರನ್ನೇ ತೋರಿಸಿಕೊಟ್ಟಿದ್ದಳು. ವೊಮೆಕೂರ್ ಎದುರು ನಿಜ ಹೇಳಿದ್ದಕ್ಕೆ ಅವಳ ಜೀವ ಉಳೀತು. ಆದ್ರೆ ಆ ನವೆಂಬರ್‌ನಲ್ಲಿ ಸೆರೆಯಾದವರಿಗೆ ಆ ನಿಜ ತಡವಾಗಿ ಬಂತು. ಅವರ ಲೆಕ್ಕವನ್ನು ಯಾವ ಪ್ರೀತಿಯೂ ತೀರಿಸಲಾರದು.

ಅವಳ ಜಾಗದಲ್ಲಿ, ಆ ಒಂದು ರಾತ್ರಿ, ನೀವಿದ್ದಿದ್ರೆ? ಯೋಚಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.