ಮತವಿಲ್ಲದ ಜನ, ಬೀಗ ಹಾಕಿದ ಬಾಗಿಲು

ಒಂದು ಚುನಾವಣೆಯನ್ನು ಕಲ್ಪಿಸಿಕೊಳ್ಳಿ. ಮತದಾರರು 133 ಜನ ಮಾತ್ರ. ಅಭ್ಯರ್ಥಿಗಳ ಪಟ್ಟಿಯಿಲ್ಲ, ಪ್ರಚಾರ ಭಾಷಣವಿಲ್ಲ, ಗೋಡೆಯ ಮೇಲೆ ಒಂದು ಭಿತ್ತಿಪತ್ರವೂ ಇಲ್ಲ. ಮತ ಹಾಕುವವರನ್ನು ಒಳಗೆ ಕೂಡಿ ಬಾಗಿಲು ಮುಚ್ಚಲಾಗಿದೆ. ಹೊರಗಿನ ಬಯಲಿನಲ್ಲಿ ಹತ್ತಾರು ಸಾವಿರ ಜನ ಕತ್ತೆತ್ತಿ ಒಂದು ಸಣ್ಣ ಹೊಗೆಕೊಳವೆಯನ್ನೇ ನೋಡುತ್ತ ನಿಂತಿದ್ದಾರೆ. ಅವರಲ್ಲಿ ಒಬ್ಬರಿಗೂ ಮತವಿಲ್ಲ. 2025ರ ಮೇ 8ರಂದು ರೋಮಿನ ವ್ಯಾಟಿಕನ್‌ನಲ್ಲಿ ಕಂಡ ದೃಶ್ಯವಿದು. ಅಲ್ಲಿ ಸಂಜೆ ಆರು ದಾಟಿ ಬಿಳಿಯ ಹೊಗೆ ಎದ್ದಾಗ ನಮ್ಮಲ್ಲಿ ರಾತ್ರಿ ಒಂಬತ್ತೂವರೆ ಮೀರಿತ್ತು. ನಿಮ್ಮಲ್ಲಿ ಹಲವರು ಅದನ್ನು ಟಿ.ವಿ. ಪರದೆಯ ಮೇಲೆ ನೋಡಿರಬಹುದು.

ಟೆಲಿವಿಷನ್ ಕೆಲಸ ಮಾಡುವವರಿಗೆ ಅದೊಂದು ವಿಚಿತ್ರ ನೇರಪ್ರಸಾರ. ಗಂಟೆಗಟ್ಟಲೆ ಕ್ಯಾಮೆರಾವನ್ನು ಒಂದು ಹೊಗೆಕೊಳವೆಯ ಕಡೆ ತಿರುಗಿಸಿಟ್ಟು ಕೂರಬೇಕು. ತೋರಿಸಲು ಏನೂ ಇರುವುದಿಲ್ಲ. ಆಗ ಕ್ಯಾಮೆರಾ ತಾನಾಗಿಯೇ ಜನರ ಮುಖಗಳ ಕಡೆ ಹೊರಳುತ್ತದೆ. ನಾವೂ ಇಲ್ಲಿ ಆ ಮುಖಗಳ ಕಡೆಗೇ ಹೊರಳೋಣ. ಪೋಪ್ ಒಬ್ಬರು ತೀರಿಕೊಂಡಾಗ, ಇನ್ನೊಬ್ಬರು ಆಯ್ಕೆಯಾಗುವಾಗ ಹೊರಗಿನ ಜನ ಏನು ಮಾಡುತ್ತಿದ್ದರು? ಅವರು ಬರಿಯ ಪ್ರೇಕ್ಷಕರಾಗಿದ್ದರೆ? ಚರಿತ್ರೆಯ ಪುಟಗಳನ್ನು ತಿರುವಿದರೆ ಅಚ್ಚರಿಯ ಉತ್ತರ ಸಿಗುತ್ತದೆ. ಒಳಗಿನ ಚುನಾವಣೆಯ ನಿಯಮಗಳಲ್ಲಿ ಮುಖ್ಯವಾದ ಕೆಲವು ಹುಟ್ಟಿದ್ದೇ ಹೊರಗಿನ ಜನರ ಗಲಾಟೆಯಿಂದ.

ಮೊದಲು ಜನರಿಗೂ ಈ ಆಯ್ಕೆಯಲ್ಲಿ ಪಾಲಿತ್ತು. ಪೋಪ್ ಎಂದರೆ ಮೂಲತಃ ರೋಮ್ ನಗರದ ಬಿಷಪ್. ನಗರದ ಪಾದ್ರಿಗಳೂ ಜನರೂ ಸೇರಿ ಅವರನ್ನು ಒಪ್ಪಬೇಕಾಗಿತ್ತು. ಇದು ಕೇಳಲು ಚೆಂದ. ನಡೆದದ್ದು ಮಾತ್ರ ಬಹುಪಾಲು ಬಲಾಢ್ಯ ಮನೆತನಗಳ ಕಾದಾಟ, ಚಕ್ರವರ್ತಿಗಳ ಕೈವಾಡ. 1059ರಲ್ಲಿ ಪೋಪ್ ಎರಡನೆಯ ನಿಕೋಲಸ್ ಆಯ್ಕೆಯ ಹಕ್ಕನ್ನು ಕಾರ್ಡಿನಲ್‌ಗಳೆಂಬ ಹಿರಿಯ ಧರ್ಮಾಧಿಕಾರಿಗಳ ಕೈಗೆ ಕೊಟ್ಟರು. ಜನರಿಗೆ ಉಳಿದದ್ದು ಜೈಕಾರ ಹಾಕುವ ಕೆಲಸ. 1179ರಲ್ಲಿ ಮೂರನೆಯ ಎರಡರಷ್ಟು ಬಹುಮತ ಬೇಕೆಂಬ ನಿಯಮವೂ ಬಂತು. ಒಳ್ಳೆಯ ನಿಯಮವೇ ಸರಿ. ಆದರೆ ಅಷ್ಟು ಬಹುಮತ ಒದಗದೇ ಹೋದರೆ ಏನು ಮಾಡಬೇಕೆಂದು ಅದರಲ್ಲಿ ಹೇಳಿರಲಿಲ್ಲ.

ಅದರ ಫಲವನ್ನು ಉಂಡದ್ದು ರೋಮಿನ ಉತ್ತರಕ್ಕಿರುವ ವಿಟೆರ್ಬೊ ಎಂಬ ಊರು. 1268ರ ನವೆಂಬರ್ 29ರಂದು ಪೋಪ್ ನಾಲ್ಕನೆಯ ಕ್ಲೆಮೆಂಟ್ ಅಲ್ಲಿ ತೀರಿಕೊಂಡರು. ಪೋಪ್ ತೀರಿಕೊಂಡ ಊರಿನಲ್ಲೇ ಮುಂದಿನ ಆಯ್ಕೆ ನಡೆಯುವುದು ಆಗಿನ ರೂಢಿ. ಕಾರ್ಡಿನಲ್‌ಗಳು ಸೇರಿದರು, ಎರಡು ಬಣವಾದರು. ಒಂದು ಬಣ ಫ್ರೆಂಚರ ಪರ, ಇನ್ನೊಂದು ಅವರ ವಿರುದ್ಧ. ತಿಂಗಳುಗಳು ಉರುಳಿದವು. ಇಷ್ಟು ಮಂದಿ ದೊಡ್ಡವರು, ಅವರ ಪರಿವಾರ, ಕುದುರೆ, ಆಳುಕಾಳು—ಎಲ್ಲರ ಭಾರ ಊರಿನ ಮೇಲೆ. ಒಂದು ವರ್ಷವಾಯಿತು. ಜನರ ತಾಳ್ಮೆ ತಪ್ಪಿತು. ಅವರು ಕಾರ್ಡಿನಲ್‌ಗಳನ್ನು ಬಿಷಪ್ಪರ ಅರಮನೆಯಲ್ಲಿ ಕೂಡಿ ಬೀಗ ಜಡಿದರು. ಆಹಾರವನ್ನು ರೊಟ್ಟಿ ನೀರಿಗೆ ಇಳಿಸಿದರು. ಅದಕ್ಕೂ ಜಗ್ಗದಿದ್ದಾಗ ಅರಮನೆಯ ಚಾವಣಿಯನ್ನೇ ಕಿತ್ತು ಹಾಕಿದರು! ಚಾವಣಿ ತೆಗೆದರೆ ಪವಿತ್ರಾತ್ಮ ಇಳಿದು ಬರಲು ದಾರಿಯಾಗುತ್ತದೆ ಎಂದು ಕಾರ್ಡಿನಲ್ ಒಬ್ಬರು ಹಾಸ್ಯ ಮಾಡಿದ್ದರೆಂಬ ಕಥೆ ಇದೆ. ಹಾಸ್ಯ ಕಥೆಯಾಗಿರಬಹುದು, ಚಾವಣಿ ಹೋದದ್ದು ಕಥೆಯಲ್ಲ. 1270ರ ಜೂನ್ ತಿಂಗಳಿನಲ್ಲಿ ಅಲ್ಲಿಂದ ಕಾರ್ಡಿನಲ್‌ಗಳೇ ಬರೆದ ಪತ್ರವೊಂದರಲ್ಲಿ ಸ್ಥಳದ ಹೆಸರು 'ಚಾವಣಿಯಿಲ್ಲದ ಅರಮನೆ' ಎಂದೇ ಇದೆ. ಕಾಯಿಲೆ ಬಿದ್ದ ಸಹೋದ್ಯೋಗಿಯೊಬ್ಬರನ್ನು ಹೊರಗೆ ಬಿಡಿ ಎಂದು ಊರಿನವರನ್ನು ಕೇಳಿಕೊಂಡ ಪತ್ರ ಅದು.

ಕೊನೆಗೆ ಆರು ಜನರ ಸಮಿತಿಗೆ ಅಧಿಕಾರ ಬಿಟ್ಟುಕೊಟ್ಟು, 1271ರ ಸೆಪ್ಟೆಂಬರ್ 1ರಂದು ಆಯ್ಕೆ ಮುಗಿಯಿತು. ಎರಡು ವರ್ಷ ಒಂಬತ್ತು ತಿಂಗಳು! ಆರಿಸಿದ್ದು ಯಾರನ್ನು? ಆ ಅರಮನೆಯಲ್ಲೇ ಇಲ್ಲದ, ಕಾರ್ಡಿನಲ್ ಕೂಡ ಅಲ್ಲದ ತೆಯೊಬಾಲ್ಡೊ ವಿಸ್ಕೋಂಟಿ ಎಂಬವರನ್ನು. ಅವರು ಆಗ ಧರ್ಮಯುದ್ಧದ ಸೈನ್ಯದೊಡನೆ ದೂರದ ಆಕ್ರೆಯಲ್ಲಿದ್ದರು. ಹತ್ತನೆಯ ಗ್ರೆಗೊರಿ ಎಂಬ ಹೆಸರಿನಿಂದ ಪೋಪ್ ಆದ ಇವರು ವಿಟೆರ್ಬೊದ ಜನ ಕಲಿಸಿದ ಪಾಠವನ್ನು ಮರೆಯಲಿಲ್ಲ. 1274ರಲ್ಲಿ ಫ್ರಾನ್ಸಿನ ಲಿಯಾನ್ ನಗರದಲ್ಲಿ ಸೇರಿದ ಧರ್ಮಸಭೆಯಲ್ಲಿ ಅದನ್ನೇ ಕಾಯಿದೆ ಮಾಡಿದರು. ಪೋಪ್ ಸತ್ತ ಹತ್ತು ದಿನಗಳ ಬಳಿಕ ಕಾರ್ಡಿನಲ್‌ಗಳನ್ನು ಒಟ್ಟಿಗೆ ಕೂಡಿ ಹಾಕಬೇಕು. ಮೂರು ದಿನದಲ್ಲಿ ತೀರ್ಮಾನವಾಗದಿದ್ದರೆ ಹೊತ್ತಿಗೆ ಒಂದೇ ಬಗೆಯ ಪದಾರ್ಥ. ಇನ್ನೂ ಐದು ದಿನ ಕಳೆದರೆ ರೊಟ್ಟಿ, ನೀರು, ದ್ರಾಕ್ಷಾರಸ ಮಾತ್ರ. ಈ ಸಭೆಗೆ 'ಕಾನ್‌ಕ್ಲೇವ್' ಎನ್ನುತ್ತಾರಷ್ಟೆ. ಲ್ಯಾಟಿನ್ನಿನ 'ಕುಮ್ ಕ್ಲಾವೆ', ಅಂದರೆ 'ಬೀಗದ ಕೈಯೊಡನೆ' ಎಂಬುದು ಆ ಪದದ ಮೂಲ. ಆ ಬೀಗವನ್ನು ಮೊದಲು ಹಾಕಿದವರಲ್ಲಿ ವಿಟೆರ್ಬೊದ ಈ ಸಾಮಾನ್ಯ ನಾಗರಿಕರ ಹೆಸರು ಮುಂದೆ ನಿಲ್ಲುತ್ತದೆ.

ವಿಜ್ಞಾನ ಓದುವವರಿಗೆ ಇಲ್ಲೊಂದು ಸ್ವಾರಸ್ಯವಿದೆ. ಕಾಯಿದೆ ಜಾರಿಯಾದ ಮೇಲಿನ ಮೊದಲ ಆಯ್ಕೆ, 1276ರ ಜನವರಿಯಲ್ಲಿ, ಒಂದೇ ದಿನದಲ್ಲಿ ಮುಗಿಯಿತು. ಅದೇ ವರ್ಷ ಈ ಕಠಿಣ ನಿಯಮವನ್ನು ತಡೆಹಿಡಿದರು. ಕೂಡಲೇ ಹಳೆಯ ರೋಗ ಮರುಕಳಿಸಿತು. 1292ರಲ್ಲಿ ನಾಲ್ಕನೆಯ ನಿಕೋಲಸ್ ತೀರಿಕೊಂಡಾಗ ಪೀಠ ಎರಡು ವರ್ಷಕ್ಕೂ ಹೆಚ್ಚು ಕಾಲ ಖಾಲಿ ಬಿದ್ದಿತು. 1294ರಲ್ಲಿ ಬೀಗ ಮತ್ತೆ ಬಂತು. ಪ್ರಯೋಗಶಾಲೆಯಲ್ಲಿ ಒಂದು ಅಂಶವನ್ನು ತೆಗೆದು, ಮತ್ತೆ ಸೇರಿಸಿ ಪರಿಣಾಮ ನೋಡುತ್ತೀರಲ್ಲ, ಹಾಗೆಯೇ. ಚರಿತ್ರೆ ಇಷ್ಟು ಸ್ಪಷ್ಟವಾದ ಪ್ರಯೋಗವನ್ನು ಮಾಡಿ ತೋರಿಸುವುದು ಅಪರೂಪ.

ಹಾಗಾದರೆ ಜನರ ಒತ್ತಡ ಯಾವಾಗಲೂ ಒಳ್ಳೆಯದೆ? ಅವಸರಪಡಬೇಡಿ. ನೂರು ವರ್ಷ ಕಳೆದ ಮೇಲೆ ರೋಮಿನಲ್ಲಿ ನಡೆದದ್ದನ್ನು ನೋಡಿ.

ಹದಿನಾಲ್ಕನೆಯ ಶತಮಾನದ ಬಹುಭಾಗ ಪೋಪರು ಫ್ರಾನ್ಸಿನ ಕಡೆಯ ಅವಿನ್ಯೋನ್ ನಗರದಲ್ಲಿದ್ದರು. ರೋಮಿನ ಜನರಿಗೆ ಇದು ಮಾನದ ಪ್ರಶ್ನೆ, ಹೊಟ್ಟೆಯ ಪ್ರಶ್ನೆ ಕೂಡ. ಪೋಪ್ ಇದ್ದರೆ ಯಾತ್ರಿಕರು, ಯಾತ್ರಿಕರಿದ್ದರೆ ವ್ಯಾಪಾರ. 1377ರಲ್ಲಿ ಹನ್ನೊಂದನೆಯ ಗ್ರೆಗೊರಿ ರೋಮಿಗೆ ಹಿಂತಿರುಗಿದರು. 1378ರ ಮಾರ್ಚ್ 27ರಂದು ತೀರಿಕೊಂಡೂ ಬಿಟ್ಟರು. ರೋಮಿನಲ್ಲಿದ್ದ 16 ಕಾರ್ಡಿನಲ್‌ಗಳಲ್ಲಿ 11 ಮಂದಿ ಫ್ರೆಂಚರು. ಮತ್ತೆ ಫ್ರೆಂಚ್ ಪೋಪ್ ಬಂದು ಪೀಠವನ್ನು ಹೊತ್ತುಕೊಂಡು ಹೋದರೆ? ಜನ ಕಾನ್‌ಕ್ಲೇವ್ ನಡೆಯುವ ಕಟ್ಟಡವನ್ನು ಮುತ್ತಿದರು. 'ರೋಮಿನವನೇ ಬೇಕು, ಇಲ್ಲವೇ ಇಟಲಿಯವನಾದರೂ ಆಗಬೇಕು' ಎಂಬುದು ಅವರ ಕೂಗು. ಏಪ್ರಿಲ್ 8ರಂದು ಕಾರ್ಡಿನಲ್‌ಗಳು ಇಟಲಿಯವರೇ ಆದ, ಬಾರಿಯ ಆರ್ಚ್‌ಬಿಷಪ್ ಬಾರ್ತೊಲೊಮಿಯೊ ಪ್ರಿನ್ಯಾನೊ ಅವರನ್ನು ಆರಿಸಿದರು. ಸುದ್ದಿ ಹೊರಗೆ ತಿಳಿಯುವ ಮುನ್ನವೇ ಜನ ಬಾಗಿಲು ಮುರಿದು ಒಳನುಗ್ಗಿದರು. ಹೆದರಿದ ಕಾರ್ಡಿನಲ್‌ಗಳು ರೋಮಿನವರೇ ಆದ ವೃದ್ಧ ಕಾರ್ಡಿನಲ್ ತೆಬಾಲ್ದೆಸ್ಕಿಯವರಿಗೆ ಪೋಪರ ಉಡುಪು ತೊಡಿಸಿ, ಇವರೇ ಪೋಪ್ ಎಂದು ತೋರಿಸಿ ಜೀವ ಉಳಿಸಿಕೊಂಡರು. ಪಾಪ, ಆ ಮುದುಕರು ತಾನಲ್ಲ ತಾನಲ್ಲ ಎಂದು ಹೇಳುತ್ತಲೇ ಇದ್ದರಂತೆ.

ನಿಜವಾಗಿ ಆಯ್ಕೆಯಾದವರು ಆರನೆಯ ಅರ್ಬನ್ ಎಂಬ ಹೆಸರು ತಳೆದರು. ಅವರ ಕೋಪತಾಪ ತಡೆಯಲಾರದೆ ಕೆಲವೇ ತಿಂಗಳಲ್ಲಿ ಫ್ರೆಂಚ್ ಕಾರ್ಡಿನಲ್‌ಗಳು ಊರು ಬಿಟ್ಟು, 'ನಾವು ಜನರ ಭಯದಿಂದ ಮತ ಹಾಕಿದೆವು, ಆ ಆಯ್ಕೆ ಸಲ್ಲದು' ಎಂದು ಘೋಷಿಸಿ, ಸೆಪ್ಟೆಂಬರಿನಲ್ಲಿ ಬೇರೊಬ್ಬ ಪೋಪರನ್ನು ಆರಿಸಿದರು. ಇವರ ಮಾತು ನಿಜವೆ? ಭಯ ನಿಜ. ಆದರೆ ವಾರಗಟ್ಟಲೆ ಅರ್ಬನ್ನರಿಗೆ ತಲೆಬಾಗಿ, ಕಿರೀಟಧಾರಣೆಯಲ್ಲಿ ಭಾಗವಹಿಸಿದ್ದೂ ನಿಜ. ಭಯದ ನೆನಪು ಅವರಿಗೆ ಅನುಕೂಲವಾದಾಗ ಬಂದಂತೆ ತೋರುತ್ತದೆ. ಏನೇ ಆಗಲಿ, ಯೂರೋಪು ಎರಡು ಹೋಳಾಯಿತು. ಫ್ರಾನ್ಸ್, ಸ್ಕಾಟ್ಲೆಂಡ್ ಒಂದು ಕಡೆ. ಇಂಗ್ಲೆಂಡ್, ಪೋಲೆಂಡ್, ಹಂಗೆರಿ ಇನ್ನೊಂದು ಕಡೆ. 1409ರಲ್ಲಿ ರಾಜಿ ಮಾಡಲು ಹೋಗಿ ಮೂರನೆಯ ಪೋಪ್ ಒಬ್ಬರನ್ನು ಸೇರಿಸಿದ್ದಾಯಿತು. 1417ರಲ್ಲಿ ಕಾನ್‌ಸ್ಟಾನ್ಸ್ ನಗರದ ಧರ್ಮಸಭೆ ಐದನೆಯ ಮಾರ್ಟಿನ್‌ರನ್ನು ಆರಿಸುವವರೆಗೆ, ಸುಮಾರು ನಲವತ್ತು ವರ್ಷ, ಒಬ್ಬ ಸಾಮಾನ್ಯ ಭಕ್ತನಿಗೆ ನಿಜವಾದ ಪೋಪ್ ಯಾರೆಂದೇ ತಿಳಿಯದಂತಾಯಿತು.

ವಿಟೆರ್ಬೊದ ಜನ ಕೇಳಿದ್ದು 'ಬೇಗ ಆರಿಸಿ' ಎಂದು. ರೋಮಿನ ಜನ ಕೇಳಿದ್ದು 'ಇಂಥವರನ್ನೇ ಆರಿಸಿ' ಎಂದು. ಈ ಎರಡು ಬೇಡಿಕೆಗಳ ನಡುವಿನ ಅಂತರವನ್ನು ನೀವು ತೂಗಿ ನೋಡಬೇಕು. ಮೊದಲಿನದರಿಂದ ಒಂದು ನಿಯಮ ಹುಟ್ಟಿತು. ಎರಡನೆಯದರಿಂದ ಆಯ್ಕೆಯ ಮೇಲಿನ ನಂಬಿಕೆಯೇ ಮುರಿಯಿತು.

ಸಾವಿನ ಸುದ್ದಿಗೆ ಜನ ಯಾವಾಗಲೂ ಕಣ್ಣೀರನ್ನೇ ಸುರಿಸಿದರೆಂದು ತಿಳಿಯಬೇಡಿ. 1559ರ ಆಗಸ್ಟ್‌ನಲ್ಲಿ ನಾಲ್ಕನೆಯ ಪಾಲ್ ತೀರಿಕೊಂಡಾಗ ರೋಮಿನ ಜನ ಅವರ ವಿಚಾರಣಾ ಮಂಡಲಿಯ ಸೆರೆಮನೆಗೆ ನುಗ್ಗಿ ಕೈದಿಗಳನ್ನು ಬಿಡಿಸಿದರು, ಕಟ್ಟಡಕ್ಕೆ ಬೆಂಕಿಯಿಟ್ಟರು, ಪೋಪರ ಶಿಲಾಮೂರ್ತಿಯ ತಲೆ ಒಡೆದು ಟೈಬರ್ ನದಿಗೆ ಎಸೆದರು. ಆ ಕಾಲದ ಪೋಪರು ಧರ್ಮಗುರುಗಳಷ್ಟೇ ಅಲ್ಲ, ತೆರಿಗೆ ಹಾಕುವ, ಶಿಕ್ಷೆ ಕೊಡುವ ಅರಸರೂ ಆಗಿದ್ದರು. ಆ ಅರಸೊತ್ತಿಗೆ 1870ರಲ್ಲಿ ಇಟಲಿಯ ಸೈನ್ಯ ರೋಮನ್ನು ಹಿಡಿದಾಗ ಹೋಯಿತು. ಅದರ ಕಹಿ ಕೂಡಲೇ ಆರಲಿಲ್ಲ. 1881ರಲ್ಲಿ ಒಂಬತ್ತನೆಯ ಪಯಸ್ ಅವರ ಶವವನ್ನು ರಾತ್ರಿಯ ಹೊತ್ತು ಬೇರೆ ಇಗರ್ಜಿಗೆ ಸಾಗಿಸುವಾಗಲೂ ಒಂದು ಗುಂಪು ಅದನ್ನು ಟೈಬರ್ ನದಿಗೆ ಎಸೆಯಲು ಹವಣಿಸಿತ್ತು. ಮುಂದೆ ಕ್ರಮೇಣ ಜನರ ಮನೋಭಾವ ಬದಲಾಯಿತು. ರಾಜ್ಯ ಕಳೆದುಕೊಂಡ ಪೋಪರಿಗೆ ಜನರ ಪ್ರೀತಿ ಹೆಚ್ಚಿತೆಂದರೆ ತಪ್ಪಾಗಲಾರದು.

ಈಗ ಹೊಗೆಯ ವಿಚಾರ. ಮತಚೀಟಿ ಸುಡುವುದು ಹಳೆಯ ಪದ್ಧತಿ. ಆಯ್ಕೆಯಾಯಿತೆಂದು ಬಿಳಿಯ ಹೊಗೆಯಿಂದ ತಿಳಿಸುವ ಕ್ರಮ 1914ರಿಂದ ಬಂದದ್ದು. ಒದ್ದೆ ಹುಲ್ಲು ಬೆರೆಸಿ ಬಣ್ಣ ಬದಲಿಸುವ ಈ ಉಪಾಯ ಆಗಾಗ ಕೈಕೊಡುತ್ತಿತ್ತು. 1958ರ ಅಕ್ಟೋಬರ್ 26ರಂದು ಹೊಗೆ ಬಿಳಿಯಾಗಿ ಕಂಡು ಜನ ಕುಣಿದಾಡಿದರು, ವ್ಯಾಟಿಕನ್ ರೇಡಿಯೊ ಕೂಡ ಪೋಪರ ಆಯ್ಕೆಯಾಯಿತೆಂದು ಸಾರಿಬಿಟ್ಟಿತು. ಇಪ್ಪತ್ತಮೂರನೆಯ ಜಾನ್ ಆಯ್ಕೆಯಾದದ್ದು ಎರಡು ದಿನಗಳ ಬಳಿಕ! 1978ರಲ್ಲೂ ಬೂದುಬಣ್ಣದ ಹೊಗೆ ಗೊಂದಲ ಮಾಡಿತು. ಕೆಳಗೆ ನಿಂತವರ ಈ ಪೇಚಾಟಕ್ಕಾಗಿಯೇ 2005ರಿಂದ ಗಂಟೆ ಬಾರಿಸುವ ಕ್ರಮ ಸೇರಿತು, ಹೊಗೆಗೆಂದೇ ಎರಡನೆಯ ಒಲೆ ಬಂತು. 2013ರಲ್ಲಿ ವ್ಯಾಟಿಕನ್ ಅದರ ಪಾಕವನ್ನೂ ಬಹಿರಂಗಪಡಿಸಿತು. ಕಪ್ಪು ಹೊಗೆಗೆ ಪೊಟ್ಯಾಸಿಯಂ ಪರ್‌ಕ್ಲೋರೇಟ್, ಆಂಥ್ರಸೀನ್ ಮತ್ತು ಗಂಧಕ; ಬಿಳಿಯದಕ್ಕೆ ಪೊಟ್ಯಾಸಿಯಂ ಕ್ಲೋರೇಟ್, ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಮತ್ತು ರಾಳ. ಆಂಥ್ರಸೀನ್ ಇಂಗಾಲ ತುಂಬಿದ ವಸ್ತು, ಪೂರ್ತಿ ಉರಿಯದೆ ಕಾಡಿಗೆಯಂಥ ಮಸಿ ಕೊಡುತ್ತದೆ. ರಾಳ ಆವಿಯಾಗಿ ಮೇಲೇರಿ, ತಣ್ಣಗಾದಾಗ ಸಣ್ಣ ಕಣಗಳಾಗಿ ಬಿಳಿಯ ಮೋಡದಂತೆ ಕಾಣುತ್ತದೆ. ರಸಾಯನಶಾಸ್ತ್ರದ ನಿಮ್ಮ ಅಧ್ಯಾಪಕರನ್ನು ಈ ಬಗ್ಗೆ ಕೇಳಿ. ಸ್ವತಃ ಮಾಡಲು ಮಾತ್ರ ಹೋಗಬೇಡಿ, ಕ್ಲೋರೇಟ್‌ಗಳು ಸಿಡಿಯುವ ಜಾತಿಯವು.

1978 ಮೂವರು ಪೋಪರ ವರ್ಷ. ಆಗಸ್ಟ್ 6ರಂದು ಆರನೆಯ ಪಾಲ್ ತೀರಿಕೊಂಡರು. ನಗುಮುಖದ ಮೊದಲನೆಯ ಜಾನ್ ಪಾಲ್ 33 ದಿನವಷ್ಟೇ ಪೀಠದಲ್ಲಿದ್ದು ಹಠಾತ್ತನೆ ಕಣ್ಮುಚ್ಚಿದರು. ಅಕ್ಟೋಬರ್ 16ರಂದು ಬಾಲ್ಕನಿಯಿಂದ 'ವೊಯ್ತಿವಾ' ಎಂಬ ಹೆಸರು ಕೇಳಿದಾಗ ಕೆಳಗೆ ನೆರೆದಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. 1522ರಿಂದ ಆವರೆಗೆ ಇಟಲಿಯವರಲ್ಲದ ಪೋಪ್ ಆಗಿರಲಿಲ್ಲ. ಪೋಲೆಂಡಿನವರಾದ ಎರಡನೆಯ ಜಾನ್ ಪಾಲ್ ರೋಮಿನವರಿಗೆ ಇಟಾಲಿಯನ್ ಭಾಷೆಯಲ್ಲೇ ಮಾತಾಡಿ, ಭಾಷೆಯಲ್ಲಿ ತಪ್ಪಿದರೆ ತಿದ್ದಿ ಎಂದರು. ಜನ ಸೋತುಹೋದರು! ರೋಮಿಗಿಂತ ದೊಡ್ಡ ಪ್ರತಿಕ್ರಿಯೆ ಪೋಲೆಂಡಿನಲ್ಲಾಯಿತು. 1979ರ ಜೂನ್‌ನಲ್ಲಿ ಅವರು ತಾಯ್ನಾಡಿಗೆ ಹೋದಾಗ ಕಮ್ಯುನಿಸ್ಟ್ ಆಡಳಿತದ ಕಣ್ಣೆದುರಿನಲ್ಲೇ ಲಕ್ಷಾಂತರ ಜನ ಸೇರಿದರು. ನಾವು ಇಷ್ಟು ಮಂದಿ ಇದ್ದೇವೆಯೇ ಎಂದು ಜನರಿಗೆ ಮೊದಲ ಬಾರಿ ಅನ್ನಿಸಿದ್ದು ಆಗ. ಮರುವರ್ಷವೇ 'ಸಾಲಿಡಾರಿಟಿ' ಕಾರ್ಮಿಕ ಚಳವಳಿ ತಲೆಯೆತ್ತಿತು. ಇದೇ ಪೋಪ್ 1986ರ ಫೆಬ್ರವರಿ 6ರಂದು ನಮ್ಮ ಮಂಗಳೂರಿಗೂ ಬಂದಿದ್ದರು. ನಿಮ್ಮ ಮನೆಯ ಹಿರಿಯರು ಕರಾವಳಿಯವರಾದರೆ ಕೇಳಿ ನೋಡಿ, ನೆನಪು ಹೇಳಿಯಾರು.

2005ರ ಏಪ್ರಿಲ್ 2ರಂದು ಅವರು ತೀರಿಕೊಂಡಾಗ ಅಂತಿಮ ದರ್ಶನದ ಸರದಿ ಗಂಟೆಗಟ್ಟಲೆ ಬೆಳೆಯಿತು. ಏಪ್ರಿಲ್ 8ರ ಅಂತ್ಯಕ್ರಿಯೆಯಲ್ಲಿ 'ಸಾಂತೊ ಸೂಬಿತೊ', ಅಂದರೆ 'ಕೂಡಲೇ ಸಂತರೆಂದು ಸಾರಿ' ಎಂಬ ಘೋಷಣೆ, ಫಲಕಗಳು ಎದ್ದವು. ಸಂತಪದವಿಯ ವಿಚಾರಣೆ ಆರಂಭಿಸಲು ಸಾವಿನ ಬಳಿಕ ಐದು ವರ್ಷ ಕಾಯಬೇಕೆಂಬ ನಿಯಮವನ್ನು ಹೊಸ ಪೋಪ್ ಹದಿನಾರನೆಯ ಬೆನೆಡಿಕ್ಟ್ ಸಡಿಲಿಸಿದರು. 2014ರ ಏಪ್ರಿಲ್ 27ರಂದು ಸಂತಪದವಿ ಬಂದೇ ಬಂತು. ಆ ಕೂಗಿನಲ್ಲಿ ಪ್ರೀತಿಯಿತ್ತು, ಸಂಶಯವಿಲ್ಲ. ಆದರೂ ಕಾಯುವ ನಿಯಮವನ್ನು ಮಾಡಿದ್ದೇ ಭಾವಾವೇಶ ಇಳಿಯಲಿ, ಬದುಕಿನ ಲೆಕ್ಕ ತಣ್ಣಗೆ ನಡೆಯಲಿ ಎಂಬುದಕ್ಕಲ್ಲವೆ? ಅವರ ಆಡಳಿತದ ಬಗ್ಗೆ, ಅದರಲ್ಲೂ ಮಕ್ಕಳ ಮೇಲಿನ ದೌರ್ಜನ್ಯದ ದೂರುಗಳನ್ನು ಚರ್ಚ್ ನಿಭಾಯಿಸಿದ ರೀತಿಯ ಬಗ್ಗೆ, ಮುಂದೆ ಎದ್ದ ಪ್ರಶ್ನೆಗಳನ್ನು ನೋಡಿದಾಗ ಆ ಐದು ವರ್ಷ ಕಾಯಬಹುದಿತ್ತು ಎಂದು ನನಗನ್ನಿಸುತ್ತದೆ.

2013ರ ಮಾರ್ಚ್ 13ರ ರಾತ್ರಿ ಇನ್ನೊಂದು ಬಗೆಯ ದೃಶ್ಯ. ಆರ್ಜೆಂಟೀನಾದ ಪೋಪ್ ಫ್ರಾನ್ಸಿಸ್ ಬಾಲ್ಕನಿಗೆ ಬಂದು, ತಾವು ಆಶೀರ್ವದಿಸುವ ಮೊದಲು ನೀವು ನನಗಾಗಿ ಪ್ರಾರ್ಥಿಸಿ ಎಂದು ಕೇಳಿ ತಲೆ ಬಾಗಿಸಿದರು. ಅಷ್ಟು ಹೊತ್ತು ಗದ್ದಲ ಮಾಡುತ್ತಿದ್ದ ಬಯಲು ಸ್ತಬ್ಧವಾಯಿತು. ಅವರು 2025ರ ಏಪ್ರಿಲ್ 21ರಂದು, ಈಸ್ಟರ್ ಹಬ್ಬದ ಮರುದಿನ, ನಿಧನರಾದರು. ಮೂರು ದಿನಗಳಲ್ಲಿ ಸುಮಾರು 2.5 ಲಕ್ಷ ಜನ ಅಂತಿಮ ದರ್ಶನ ಪಡೆದರು. ಭಾರತ ಮೂರು ದಿನಗಳ ಶೋಕ ಆಚರಿಸಿತು. ಏಪ್ರಿಲ್ 26ರ ಅಂತ್ಯಕ್ರಿಯೆಗೆ ರಾಷ್ಟ್ರಪತಿ ದ್ರೌಪದಿ ಮುರ್ಮು ಹೋಗಿದ್ದರು.

ಮೇ 7ರಂದು ಸಿಸ್ಟೀನ್ ಪ್ರಾರ್ಥನಾಲಯದ ಬಾಗಿಲು ಮುಚ್ಚಿತು. ಒಳಗಿದ್ದ 133 ಮಂದಿಯಲ್ಲಿ ನಾಲ್ವರು ಭಾರತೀಯರು. ಗೆಲ್ಲಲು 89 ಮತ ಬೇಕಿತ್ತು. ಈಗ ಬೀಗದ ಜೊತೆಗೆ ಮೊಬೈಲ್ ಸಂಕೇತಗಳನ್ನು ತಡೆಯುವ ಯಂತ್ರಗಳೂ ಇವೆ. 1378ರ ಗುಂಪು ಬಾಗಿಲು ಒಡೆದು ಬರಬೇಕಾಗಿತ್ತು. ಇಂದಿನ ಗುಂಪು ಅಂಗೈಯ ಪರದೆಯ ಮೂಲಕವೇ ಒಳಗೆ ಬರಬಲ್ಲದು. ಮರುದಿನ ನಾಲ್ಕನೆಯ ಸುತ್ತಿನಲ್ಲಿ ರಾಬರ್ಟ್ ಪ್ರಿವೋಸ್ಟ್ ಆಯ್ಕೆಯಾಗಿ ಹದಿನಾಲ್ಕನೆಯ ಲಿಯೊ ಎಂಬ ಹೆಸರು ತಳೆದರು. ಅಮೆರಿಕದ ಶಿಕಾಗೊದಲ್ಲಿ ಹುಟ್ಟಿದವರು, ಆದರೆ ಪೆರು ದೇಶದ ಚಿಕ್ಲಾಯೊದಲ್ಲಿ ಬಿಷಪ್ ಆಗಿದ್ದವರು. ಬಾಲ್ಕನಿಯಿಂದ ಇಟಾಲಿಯನ್ ಮಾತಿನ ನಡುವೆ ಸ್ಪ್ಯಾನಿಷ್‌ನಲ್ಲಿ ಆ ಊರಿನ ಜನರನ್ನು ನೆನೆದರು. ಚಿಕ್ಲಾಯೊದಲ್ಲಿ ಜನ, ಪೋಪ್ ನಮ್ಮವರೇ ಎಂದು ಬೀದಿಗಿಳಿದು ಸಂಭ್ರಮಿಸಿದರು.

ಹೊಗೆಕೊಳವೆಯನ್ನು ಕಾನ್‌ಕ್ಲೇವ್ ಇದ್ದಾಗಷ್ಟೇ ಚಾವಣಿಯ ಮೇಲೆ ಏರಿಸುತ್ತಾರೆ. ಆಯ್ಕೆ ಮುಗಿದ ಮೇಲೆ ಅದನ್ನು ಕಳಚಿ ಇಡುತ್ತಾರೆ. ನೀವು ಯಾವಾಗಲಾದರೂ ರೋಮಿಗೆ ಹೋದರೆ ಆ ಜಾಗದಲ್ಲಿ ಕಾಣುವುದು ಬರಿಯ ಹೆಂಚು.